ಧೂಳು ಕಾಯುತ್ತಿರುವ ಮಳೆ

ಚೆನ್ನೈಯ ತ್ರಿಪ್ಲಿಕೇನಿನ ಕಡಲ ದಂಡೆಯಲ್ಲಿ, ಮರೀನಾಕ್ಕೆ ಮುಖ ಮಾಡಿ, ದುಂಡಗೆ ಉಬ್ಬಿದ ಹಳೆಯ ಕಟ್ಟಡವೊಂದು ನಿಂತಿದೆ. ಈಗ ಅದರ ಹೆಸರು ವಿವೇಕಾನಂದರ್ ಇಲ್ಲಂ. 1897ರ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಆದರೆ ಆಟೋದವರಿಗೂ ಬಸ್ಸಿನವರಿಗೂ ಆ ಜಾಗ ಇಂದಿಗೂ ಐಸ್ ಹೌಸ್. ಬೋಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್‌ನ ಕಂಪನಿ 1842ರಲ್ಲಿ ಅದನ್ನು ಕಟ್ಟಿಸಿತು. ಅಮೆರಿಕದ ನ್ಯೂ ಇಂಗ್ಲೆಂಡಿನ ಕೊಳಗಳು ಚಳಿಗೆ ಹೆಪ್ಪುಗಟ್ಟಿದಾಗ ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸಿದ ಮಂಜುಗಡ್ಡೆಯನ್ನು ಇಲ್ಲಿ ಇಳಿಸುತ್ತಿದ್ದರು.

ಬೋಸ್ಟನ್ ಬಳಿಯ ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಹೆನ್ರಿ ಡೇವಿಡ್ ಥೋರೋ ಆ ಕೊಯ್ಲನ್ನು ಕಣ್ಣಾರೆ ಕಂಡವನು. 1854ರಲ್ಲಿ ಪ್ರಕಟವಾದ ‘ವಾಲ್ಡನ್’ನಲ್ಲಿ ಅವನು ಮದ್ರಾಸಿನ ಹೆಸರು ಹೇಳಿ, ತನ್ನ ಕೊಳದ ನೀರು ಅಷ್ಟು ದೂರದವರ ಬಾಯಾರಿಕೆ ತಣಿಸುವುದನ್ನು ನೆನೆದು ಹಿಗ್ಗಿದ್ದಾನೆ. ಐಸ್ ಹೌಸ್ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ಸೀಮೆಯ ನೀರಿಗೆ ಆಮೇಲೆ ಏನಾಯಿತು ಎಂಬುದು ನೆನಪಾಗುತ್ತದೆ.

1963ರ ಜುಲೈಯಲ್ಲಿ, ಅದೇ ನ್ಯೂ ಇಂಗ್ಲೆಂಡಿನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಪರಿಸರ ವಿಜ್ಞಾನಿ ಜೀನ್ ಲೈಕನ್ಸ್ ಮತ್ತು ಸಂಗಡಿಗರು ಮಳೆನೀರು ಹಿಡಿದು ಅಳೆದರು. ಹುಳಿಯ ಅಳತೆಯಾದ ಪಿಎಚ್ 3.7 ಬಂತು. ಶುದ್ಧ ಮಳೆಯೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗಿಯೇ ಇರುತ್ತದೆ. ಅದರ ಪಿಎಚ್ ಸುಮಾರು 5.6. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರಿದಂತೆ. ಎಂದರೆ ಆ ಕಾಡಿನ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ನೂರು ಪಟ್ಟು ಹುಳಿಯಾದ ಮಳೆ. ಸುತ್ತ ಕಾರ್ಖಾನೆಯ ಸುಳಿವಿರಲಿಲ್ಲ. ನೂರಾರು ಮೈಲಿ ಪಶ್ಚಿಮದಲ್ಲಿ ಸುಟ್ಟ ಕಲ್ಲಿದ್ದಲಿನ ಹೊಗೆ ಗಾಳಿ ಹಿಡಿದು ಬಂದು ಅಲ್ಲಿ ನೀರಾಗಿ ಇಳಿದಿತ್ತು.

ಆಮ್ಲಮಳೆ ಎಂಬ ಮಾತು ಆಗ ಹೊಸದೇನಲ್ಲ. ಮ್ಯಾಂಚೆಸ್ಟರಿನ ಮಳೆಯನ್ನು ಪರೀಕ್ಷಿಸಿ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1852ರಲ್ಲೇ ಲೇಖನ ಬರೆದಿದ್ದ. 1872ರಲ್ಲಿ ತಂದ ಪುಸ್ತಕದಲ್ಲಿ ಆ ಮಾತನ್ನೂ ಬಳಸಿದ. ಕೇಳಿಸಿಕೊಳ್ಳಲು ಜಗತ್ತಿಗೆ ನೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಸ್ವೀಡನ್, ನಾರ್ವೆಗಳ ಕೆರೆತೊರೆಗಳಲ್ಲಿ ಮೀನಿನ ಸಂತತಿ ಅಳಿಯತೊಡಗಿತ್ತು.

ಹಾಗಾದರೆ ಇಷ್ಟೊಂದು ಕಲ್ಲಿದ್ದಲು ಸುಡುವ ನಮ್ಮ ದೇಶದಲ್ಲಿ ಮಳೆ ಏಕೆ ಹುಳಿಯಾಗಲಿಲ್ಲ? ಇದಕ್ಕೆ ಉತ್ತರ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೈಯಳತೆಯಲ್ಲೇ ಇದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ನೀರು ಹುಳಿ. ಸುಣ್ಣ ಅದನ್ನು ತಣಿಸುತ್ತದೆ. ಸುಣ್ಣ ಸಾಕಾಯಿತೇ ಎಂದು ನೋಡಲು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಹುಳಿ ಉಳಿದಿದೆ ಎಂದರ್ಥ. ಹಾಗೇ ಹೊಡೆದರೆ ಗೊನೆ ಸುಟ್ಟೀತು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ತೋಟಗಳಿಗೆ ತಂದ ಈ ಮದ್ದು ಒಂದು ಶತಮಾನ ದಾಟಿಯೂ ಉಳಿದಿರುವುದು ಆ ಸುಣ್ಣದ ಹದದಿಂದ.

ನಮ್ಮ ಆಕಾಶದಲ್ಲೂ ಸುಣ್ಣವಿದೆ. ಒಣಭೂಮಿಯಿಂದ, ಉತ್ತ ಹೊಲದಿಂದ, ಡಾಂಬರು ಕಾಣದ ರಸ್ತೆಯಿಂದ ಏಳುವ ಧೂಳಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾರ್ಬೋನೇಟುಗಳಿವೆ. ಕಲ್ಲಿದ್ದಲಿನ ಗಂಧಕ ಗಾಳಿಯಲ್ಲಿ ಗಂಧಕಾಮ್ಲವಾದರೆ ಈ ಧೂಳು ಅದನ್ನು ಹಿಡಿದು ತಣಿಸುತ್ತದೆ. ಭಾರತದ ಒಳನಾಡಿನ ಮಳೆಯ ಪಿಎಚ್ ದಶಕಗಳ ಕಾಲ 6ರ ಮೇಲೇ ಇದ್ದುದಕ್ಕೆ, ಜೋಧಪುರದಂಥ ಕಡೆ 7ನ್ನೂ ದಾಟಿದ್ದಕ್ಕೆ ಕಾರಣ ಇದು. ನಾವು ಶಪಿಸುವ ಧೂಳೇ ಮಳೆಯನ್ನು ಕಾಯುತ್ತಾ ಬಂದಿದೆ.

ನನ್ನ ಆತಂಕ ಇಲ್ಲಿಂದಲೇ ಶುರು. ಧೂಳು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದು ಎದೆಗೂಡಿಗೆ ಇಳಿಯುವ ವಿಷ, ಹೋಗಲೇಬೇಕು. ಆದರೆ ಗಂಧಕವನ್ನು ಹಾಗೇ ಬಿಟ್ಟು ಧೂಳನ್ನಷ್ಟೇ ತೆಗೆದರೆ, ದ್ರಾವಣದಿಂದ ಸುಣ್ಣ ತೆಗೆದು ಮೈಲುತುತ್ತು ಉಳಿಸಿದಂತೆ. ಯುರೋಪು, ಉತ್ತರ ಅಮೆರಿಕಗಳಲ್ಲಿ ಗಂಧಕ ತಗ್ಗಿಸಿದಾಗಲೂ ಧೂಳಿನ ಇಳಿಕೆ ತೊಡಕಾಯಿತು. ಅಲ್ಲಿ ಚಿಮಣಿಯ ಬೂದಿ, ಬೀದಿಯ ಧೂಳು ಕಡಿಮೆಯಾದಾಗ ಗಾಳಿಯ ಕ್ಯಾಲ್ಸಿಯಮ್ಮೂ ತೀವ್ರವಾಗಿ ಕುಸಿಯಿತೆಂದೂ, ಗಂಧಕ ತಗ್ಗಿಸಿದ್ದರ ಫಲವನ್ನು ಅದು ಬಹುಪಾಲು ತಿಂದುಹಾಕಿತೆಂದೂ 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು.

ನಮ್ಮಲ್ಲೂ ಧೂಳು ತೆಗೆಯುವ ಕೆಲಸ ಆರಂಭವಾಗಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಹಣದಲ್ಲಿ ಶೇ 64ರಷ್ಟು ರಸ್ತೆ ಧೂಳಿಗೇ ಹೋಗಿದೆ, ಕೈಗಾರಿಕಾ ಮಾಲಿನ್ಯಕ್ಕೆ ಖರ್ಚಾದದ್ದು ಶೇ 0.61 ಮಾತ್ರ ಎಂದು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2024ರಲ್ಲಿ ಲೆಕ್ಕ ಕೊಟ್ಟಿತು. ಇನ್ನೊಂದು ಕಡೆ, ವಿದ್ಯುತ್ ಸ್ಥಾವರಗಳ ಬೂದಿ ಹಿಡಿಯುವ ಯಂತ್ರಗಳು ಬೂದಿಯ ಬಹುಪಾಲನ್ನು ತಡೆಯುತ್ತವೆ. ಗಂಧಕದ ಅನಿಲ ಅವುಗಳನ್ನು ದಾಟಿ ಚಿಮಣಿಯಿಂದ ಹೊರಬೀಳುತ್ತದೆ. ಹುಳಿ ಹೊರಗೆ, ಸುಣ್ಣ ಒಳಗೆ. ಚೀನಾ ತನ್ನ ಗಂಧಕವನ್ನು ಕಟ್ಟಿಹಾಕುತ್ತಿದ್ದ ಹೊತ್ತಿಗೆ ಭಾರತ ಅದನ್ನು ಹಿಂದಿಕ್ಕಿ ಜಗತ್ತಿನಲ್ಲೇ ಅತಿ ಹೆಚ್ಚು ಗಂಧಕದ ಡೈಆಕ್ಸೈಡ್ ಉಗುಳುವ ದೇಶವಾಗುತ್ತಿದೆ ಎಂದು 2017ರ ಉಪಗ್ರಹ ಅಧ್ಯಯನ ಹೇಳಿತ್ತು.

ಫಲ ಮಳೆಯಲ್ಲಿ ಕಾಣತೊಡಗಿದೆ. ದೇಶದ ಹತ್ತು ಕಡೆ ಹವಾಮಾನ ಇಲಾಖೆ ಮಳೆಯ ರಾಸಾಯನಿಕ ಗುಣವನ್ನು ದಶಕಗಳಿಂದ ದಾಖಲಿಸುತ್ತಿದೆ. ಅವುಗಳಲ್ಲಿ ಬಹುತೇಕ ಕಡೆ ಪಿಎಚ್ ಇಳಿಮುಖವಾಗಿದೆ. ಆ ಪಟ್ಟಿಯಲ್ಲಿ ಚೆನ್ನೈಯವರಾದ ನಮ್ಮನ್ನು ಎಚ್ಚರಿಸಬೇಕಾದ ಹೆಸರು ವಿಶಾಖಪಟ್ಟಣ. ಬಂದರು, ತೈಲ ಸಂಸ್ಕರಣಾಗಾರ, ಉಕ್ಕು, ಕಲ್ಲಿದ್ದಲು, ಎದುರಿಗೆ ಬಂಗಾಳ ಕೊಲ್ಲಿ: ಚೆನ್ನೈಗೆ ಅಷ್ಟು ಹೋಲುವ ಊರು ಇನ್ನೊಂದಿಲ್ಲ. ಅಲ್ಲಿನ ಮಳೆ ಆಮ್ಲದ ಕಡೆ ವಾಲಿದೆ. ಚೆನ್ನೈ ಆ ಹತ್ತರಲ್ಲಿ ಇಲ್ಲ. ಮಳೆಯ ಲಕ್ಷಣ ನೋಡಿ ಬೆಳೆಯ ಗತಿ ಹೇಳುವ ವಿದ್ಯೆಯನ್ನು ಚಾವುಂಡರಾಯ 1025ರಲ್ಲೇ ‘ಲೋಕೋಪಕಾರ’ದಲ್ಲಿ ಕನ್ನಡಕ್ಕೆ ತಂದಿದ್ದ, ಮದ್ರಾಸಿನ ವೀಕ್ಷಣಾಲಯ 1792ರದು. ಮಳೆಯ ಲಕ್ಷಣ ನೋಡುವುದರಲ್ಲೂ ಲೆಕ್ಕ ಇಡುವುದರಲ್ಲೂ ಇಷ್ಟು ಹಿರಿಯರಾದ ನಾವು, ಬಿದ್ದದ್ದೇನು ಎಂದು ದಿನವೂ ನೋಡುವ ಒಂದು ಕೇಂದ್ರವನ್ನು ಇಲ್ಲಿಗೆ ಆ ಪಟ್ಟಿಯಲ್ಲಿ ಸೇರಿಸಿಲ್ಲ.

ತ್ರಿಪ್ಲಿಕೇನಿಗೆ ಉತ್ತರದಲ್ಲಿ, ಸುಮಾರು 20 ಕಿಲೋಮೀಟರ್ ದೂರದಲ್ಲಿ ಎಣ್ಣೂರು. ಅದರ ಸುತ್ತ ಉತ್ತರ ಚೆನ್ನೈ ಉಷ್ಣ ವಿದ್ಯುತ್ ಸ್ಥಾವರ, ವಲ್ಲೂರಿನ 1,500 ಮೆಗಾವಾಟ್ ಸ್ಥಾವರ, ಇತ್ತ ಮನಲಿಯ ತೈಲ ಸಂಸ್ಕರಣಾಗಾರ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸುಮಾರು ಶೇ 0.5 ಅಷ್ಟೇ ಎಂಬ ಸಮಾಧಾನದ ಮಾತಿದೆ. ಟನ್ನಿಗೆ ಐದು ಕಿಲೋ ಗಂಧಕ ಎಂದರೆ ಸುಟ್ಟಾಗ ಹತ್ತು ಕಿಲೋದಷ್ಟು ಗಂಧಕದ ಡೈಆಕ್ಸೈಡ್. 2024–25ರಲ್ಲಿ ದೇಶ ನೆಲದಿಂದ ತೆಗೆದ ಕಲ್ಲಿದ್ದಲು 100 ಕೋಟಿ ಟನ್ ದಾಟಿತು. ಗುಣಿಸಿ ನೋಡಿದರೆ ಆ ಸಮಾಧಾನ ಉಳಿಯುವುದಿಲ್ಲ.

ಇನ್ನು ಚೆನ್ನೈಯ ಮಳೆಗಾಲ ಕರ್ನಾಟಕದ ಕರಾವಳಿಯದಂತೆ ಜೂನಿನದಲ್ಲ. ವರ್ಷದ ಸುಮಾರು 1,400 ಮಿಲಿಮೀಟರಿನಲ್ಲಿ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ, ಈಶಾನ್ಯ ಮಾರುತದಲ್ಲಿ ಬೀಳುತ್ತದೆ. ಆಗ ಗಾಳಿ ಬೀಸುವುದು ಉತ್ತರ, ಈಶಾನ್ಯದಿಂದ. ಎಣ್ಣೂರಿನ ಚಿಮಣಿಗಳು ಇರುವುದೂ ಆ ದಿಕ್ಕಿಗೇ. ಮೋಡ ಬರುವುದು ಕಡಲಿನಿಂದ, ಒಳನಾಡಿನ ಧೂಳು ಹೊತ್ತಲ್ಲ. ನೆಲ ತೊಯ್ದಿರುವುದರಿಂದ ಊರಿನ ಧೂಳೂ ಏಳದು. ಉಪ್ಪುಗಾಳಿ ಇದೆಯಲ್ಲ ಎಂದರೆ, ಉಪ್ಪಿಗೆ ಸುಣ್ಣದ ಗುಣವಿಲ್ಲ. ಹೀಗೆ ಕಾವಲು ಅತಿ ತೆಳುವಾಗಿರುವ ತಿಂಗಳುಗಳಲ್ಲೇ ಈ ಊರಿಗೆ ಮಳೆ. ಇದು ನನ್ನ ಊಹೆಯ ಎಳೆ ಎಂದು ಒಪ್ಪುತ್ತೇನೆ. ಆದರೆ ಪ್ರತಿ ಎಳೆಯೂ ಗೊತ್ತಿರುವ ರಸಾಯನಶಾಸ್ತ್ರದ್ದು, ಗೊತ್ತಿರುವ ಗಾಳಿಯದು.

ಹುಳಿ ಮಳೆಯಲ್ಲಿ ನೆನೆದರೆ ಮೈ ಸುಡುತ್ತದೆಂದು ಹೆದರಬೇಕಿಲ್ಲ. ನಿಂಬೆಯ ಹುಳಿ ಅದಕ್ಕಿಂತ ಬಹಳ ಹೆಚ್ಚು. ಕೆಡುಕಾಗುವುದು ಮಳೆ ಬೀಳುವ ಮೊದಲು. ಗಂಧಕದ ಅನಿಲ ಆಸ್ತಮಾ ಇದ್ದವರ ಉಸಿರುನಾಳವನ್ನು ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ. ಅದೇ ಅನಿಲ ಸಲ್ಫೇಟ್ ಕಣಗಳಾದಾಗ ಪುಪ್ಪುಸದ ಆಳಕ್ಕೆ ಇಳಿದು ಹೃದಯಕ್ಕೂ ತೊಂದರೆ ಕೊಡುತ್ತದೆ. ಲಂಡನ್ನಿನಲ್ಲಿ 1952ರ ಡಿಸೆಂಬರಿನ ಐದು ದಿನದ ಹೊಗೆಮಂಜು 4,000 ಜನರನ್ನು ಕೊಂದಿತೆಂದು ಆಗ ಲೆಕ್ಕ ಹಾಕಿದರು. ಮುಂದಿನ ಲೆಕ್ಕಗಳು 12,000ದವರೆಗೆ ಹೋದವು. ತ್ರಿಪ್ಲಿಕೇನಿನಲ್ಲಿ ಮ್ಯಾನ್ಷನ್ ಎನ್ನುವ ಬಾಡಿಗೆ ವಸತಿಗಳಲ್ಲಿ ಒಂದೊಂದು ಕೋಣೆಗೆ ಮೂರ್ನಾಲ್ಕು ಹುಡುಗರು, ಒಂದೇ ಕಿಟಕಿ. ಅವರು ಬೇರೆ ಗಾಳಿ ಎಲ್ಲಿಂದ ತಂದಾರು?

ಮಳೆನೀರಿನ ಸಂಗತಿ ಬೇರೆ. ತ್ರಿಪ್ಲಿಕೇನಿನ ಮೂಲ ಹೆಸರು ತಿರು ಅಲ್ಲಿ ಕೇಣಿ, ಎಂದರೆ ಪವಿತ್ರ ನೈದಿಲೆಯ ಕೊಳ. ಊರಿನ ಹೆಸರೇ ನೀರಿನದು. 2003ರಿಂದ ಚೆನ್ನೈಯ ಪ್ರತಿ ಕಟ್ಟಡವೂ ತಾರಸಿಯ ಮಳೆಯನ್ನು ನೆಲಕ್ಕೆ ಇಂಗಿಸಬೇಕೆಂಬುದು ಕಡ್ಡಾಯ. ಬಾವಿಗಳಿಗೆ ಜೀವ ಕೊಟ್ಟ ಒಳ್ಳೆಯ ಕಾನೂನದು. ಆದರೆ ಹುಳಿಯಾದ ಮೆದುನೀರು ಹಳೆಯ ಕೊಳವೆ, ಬೆಸುಗೆಗಳಿಂದ ತಾಮ್ರ, ಸೀಸವನ್ನು ಕರಗಿಸಿಕೊಳ್ಳುತ್ತದೆ. ತೊಟ್ಟಿಗೆ ನೇರವಾಗಿ ಮಳೆ ತುಂಬಿಸುವ ಮನೆಗಳಲ್ಲಿ ಮೊದಲ ಮಳೆಯನ್ನು ಹೊರಗೆ ಬಿಡಲೇಬೇಕು.

ಕಟ್ಟಡಗಳ ವಿಷಯಕ್ಕೆ ಬಂದರೆ ಮನಸ್ಸು ಮುದುಡುತ್ತದೆ. 1795ರ ವಾಲಾಜಾ ಮಸೀದಿ ಗ್ರಾನೈಟಿನದು, ಆಮ್ಲಕ್ಕೆ ಬಗ್ಗದು. ಆದರೆ ಮದ್ರಾಸಿನ ಹೆಮ್ಮೆ ಇದ್ದುದು ಸುಣ್ಣದ ಗಾರೆಯಲ್ಲಿ. ಕಡಲಚಿಪ್ಪು ಸುಟ್ಟು ಸುಣ್ಣ ಮಾಡಿ, ನುಣ್ಣಗೆ ಅರೆದು, ಮೊಟ್ಟೆಯ ಬಿಳಿ ಬೆರೆಸಿ, ಪದರ ಪದರವಾಗಿ ಬಳಿದು, ಅಮೃತಶಿಲೆಯ ಹೊಳಪು ಬರುವವರೆಗೆ ಕಲ್ಲಿನಿಂದ ಉಜ್ಜುತ್ತಿದ್ದರು. ಮದ್ರಾಸ್ ಚುನಾಂ ಎಂದು ಅದು ಹೆಸರಾಯಿತು. ನವಾಬರ ಚೆಪಾಕ್ ಅರಮನೆ, ರಾಬರ್ಟ್ ಚಿಸೋಮ್ 1870ರ ದಶಕದಲ್ಲಿ ಕಟ್ಟಿದ ಮದ್ರಾಸ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್, ಎಲ್ಲದರಲ್ಲೂ ಇರುವುದು ಸುಣ್ಣದ ಗಾರೆಯೇ. ಗಂಧಕಾಮ್ಲ ತಾಗಿದರೆ ಸುಣ್ಣ ಜಿಪ್ಸಂ ಆಗುತ್ತದೆ. ಜಿಪ್ಸಂ ಉಬ್ಬುತ್ತದೆ, ನೀರಿಗೆ ಕರಗುತ್ತದೆ. ಮಳೆ ತೊಳೆಯುವ ಕಡೆ ಅಂಚು ಸವೆದು ಮೊಂಡಾಗುತ್ತದೆ. ಸೂರಿನ ಮರೆಯಲ್ಲಿ, ನೀರು ತಾಗದ ಕಡೆ, ಕರಿ ಹಕ್ಕಳೆ ಕಟ್ಟಿ ಒಂದು ದಿನ ಗಾರೆಯ ಸಮೇತ ಕಳಚುತ್ತದೆ.

ಅದೇ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮರಿಯಪ್ಪ ಭಟ್ಟರು ಕಿಟ್ಟೆಲ್ ನಿಘಂಟನ್ನು ಪರಿಷ್ಕರಿಸಿ, 1968ರಿಂದ 1971ರೊಳಗೆ ನಾಲ್ಕು ಸಂಪುಟಗಳಾಗಿ ಇಲ್ಲಿಂದಲೇ ಹೊರತಂದರು. ಹಳೆಯ ಕಾಗದವೂ ಗಂಧಕದ ಅನಿಲವನ್ನು ಹೀರಿ ಒಳಗೇ ಆಮ್ಲ ಮಾಡಿಕೊಂಡು ಹಳದಿಗಟ್ಟಿ ಪುಡಿಯಾಗುತ್ತದೆ. ಕನ್ನಡಿಗನಾದ ನನಗೆ ಅರಮನೆಯಷ್ಟೇ ಅಂಥ ಪುಸ್ತಕಗಳಿರುವ ಕಪಾಟುಗಳ ಚಿಂತೆಯೂ ಇದೆ.

ಪರಿಹಾರ ಗೊತ್ತಿಲ್ಲದ ರೋಗವಲ್ಲ ಇದು. 1990ರ ಕಾನೂನಿನ ನಂತರ ಅಮೆರಿಕದ ವಿದ್ಯುತ್ ಸ್ಥಾವರಗಳ ಗಂಧಕ ಶೇ 90ಕ್ಕೂ ಹೆಚ್ಚು ಇಳಿಯಿತು. 2020ರ ಜನವರಿಯಿಂದ ಹಡಗಿನ ಇಂಧನದ ಗಂಧಕದ ಮಿತಿ ಶೇ 3.5ರಿಂದ 0.5ಕ್ಕೆ ಬಂದದ್ದರ ಲಾಭ ಚೆನ್ನೈ ಬಂದರಿಗೂ ಸಿಕ್ಕಿದೆ. ತಡಮಾಡಿದರೆ ಏನಾಗುತ್ತದೆ ಎಂಬುದನ್ನು ಹಬ್ಬರ್ಡ್ ಬ್ರೂಕ್ ಹೇಳುತ್ತದೆ: ಮಣ್ಣಿನ ಕ್ಯಾಲ್ಸಿಯಂ ತೊಳೆದುಹೋಗಿದ್ದ ಆ ಕಾಡಿನ ಒಂದು ಕಣಿವೆಗೆ 1999ರಲ್ಲಿ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಖನಿಜ ಸುರಿದು ನೋಡಬೇಕಾಯಿತು. ಮೊದಲೇ ಹುಳಿಮಣ್ಣಿನ ನಮ್ಮ ಪಶ್ಚಿಮಘಟ್ಟಕ್ಕೆ ಹಾಗೆ ಸುಣ್ಣ ಸುರಿಯುವವರು ಯಾರು?

ಭಾರತವೂ 2015ರ ಡಿಸೆಂಬರಿನಲ್ಲೇ ಸ್ಥಾವರಗಳ ಗಂಧಕಕ್ಕೆ ಮಿತಿ ಹಾಕಿತ್ತು. ಗಡುವು 2017ರಿಂದ ಮುಂದೆ ಮುಂದೆ ಹೋಯಿತು. 2025ರ ಜುಲೈಯ ಆದೇಶ ದೇಶದ ಘಟಕಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವನ್ನು ಗಂಧಕ ತೊಳೆಯುವ ಯಂತ್ರ ಹಾಕುವ ಹೊಣೆಯಿಂದ ಬಿಟ್ಟಿತು. ದೆಹಲಿ ಪ್ರದೇಶದ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳ 10 ಕಿಲೋಮೀಟರಿನೊಳಗಿನ ಸ್ಥಾವರಗಳಿಗೆ ಮಾತ್ರ ಅದು ಕಡ್ಡಾಯ. ಸಲ್ಫೇಟ್ ನೂರಾರು ಕಿಲೋಮೀಟರ್ ಸಾಗುತ್ತದೆಂದು ನ್ಯೂ ಇಂಗ್ಲೆಂಡಿನ ಕಾಡು ತೋರಿಸಿ ದಶಕಗಳಾದವು; ನಾವು ಹತ್ತಕ್ಕೆ ಗೆರೆ ಎಳೆದಿದ್ದೇವೆ. ಆ ಗೆರೆಯೊಳಗಿನವುಗಳಿಗೂ ಗಡುವು 2027ರ ಡಿಸೆಂಬರ್ 31. ಅಷ್ಟರಲ್ಲಿ ಚೆನ್ನೈಯಲ್ಲಿ ಆ ವರ್ಷದ ಈಶಾನ್ಯ ಮಳೆ ಸುರಿದು ಮುಗಿದಿರುತ್ತದೆ.