ಹೊನ್ನಾವರಕ್ಕೆ ಒಂದು ದಿನ

ದಾವಣಗೆರೆಯ ವಿನೋಬನಗರಕ್ಕೆ ನಾವು ಬಂದು ಹದಿನೇಳು ವರ್ಷವಾಯಿತು. ಮದ್ರಸದ ಕೆಲಸಕ್ಕೆಂದು ಎರಡು ವರ್ಷದ ಮಟ್ಟಿಗೆ ಬಂದವರು ಇಲ್ಲೇ ಉಳಿದುಬಿಟ್ಟೆವು. ದೊಡ್ಡ ಮಗಳು ಬರುವಾಗ ಕೈಗೂಸು, ಉಳಿದಿಬ್ಬರು ಇಲ್ಲೇ ಹುಟ್ಟಿದವರು. ಬ್ಯಾರಿ ಭಾಷೆ ಮೂವರಿಗೂ ಅರ್ಥವಾಗುತ್ತದೆ, ಉತ್ತರ ಮಾತ್ರ ದಾವಣಗೆರೆಯ ಕನ್ನಡದಲ್ಲೋ ನೆರೆಮನೆಯ ಉರ್ದುವಿನಲ್ಲೋ ಬರುತ್ತದೆ. ನಮ್ಮ ಉಮ್ಮನನ್ನು ‘ದಾದಿ’ ಅಂತ ಕರೀತಾರೆ. ಉಮ್ಮ ಮೊದಮೊದಲು ಕೇಳಿಸದವರಂತೆ ಕೂತಿರುತ್ತಿದ್ದರು, ಈಗ ಓಗೊಡುತ್ತಾರೆ.

ಉಪ್ಪ ತೀರಿಕೊಂಡು ಊರಿನ ಮನೆಗೆ ಬೀಗ ಹಾಕಿದ ಮೇಲೆ ಉಮ್ಮ ನಮ್ಮ ಜೊತೆಗಿದ್ದಾರೆ. ಈ ಸಲದ ರಂಝಾನಿನಲ್ಲಿ ಒಂದು ರಾತ್ರಿ ತರಾವೀಹ್ ಮುಗಿಸಿ ಬಂದಾಗ, “ಕಡಲು ನೋಡದೆ ನಾಲ್ಕು ವರ್ಷ ಆಯ್ತು ಮೋನೆ” ಅಂದರು. ಅಷ್ಟೇ ಹೇಳಿದ್ದು, ಕರೆದುಕೊಂಡು ಹೋಗು ಅಂತ ಕೇಳಲಿಲ್ಲ. ಕೇಳಿದ್ದರೆ ಏನಾದರೂ ನೆಪ ಹೇಳಬಹುದಿತ್ತು.

ಮೊದಲು ನೆನಪಾದದ್ದು ಉಳ್ಳಾಲ. ದರ್ಗಾ ಝಿಯಾರತ್ತೂ ಆಗುತ್ತದೆ, ಕಡಲೂ ಪಕ್ಕದಲ್ಲೇ. ಆದರೆ ದಾವಣಗೆರೆಯಿಂದ ಉಳ್ಳಾಲಕ್ಕೆ ಹೋಗಿ ಅದೇ ದಿನ ವಾಪಸ್ ಬರುವುದು ವಯಸ್ಸಾದವರ ಸೊಂಟಕ್ಕೆ ಆಗುವ ಮಾತಲ್ಲ. ಊರಿಗೆ ಹೋದರೆ ಒಂದೇ ದಿನದಲ್ಲಿ ಬಿಡುವವರು ಯಾರು? ಹತ್ತು ಮನೆ ಹತ್ತಬೇಕು, ಹತ್ತು ಕಡೆ ಚಾ ಕುಡಿಯಬೇಕು. ಕೊನೆಗೆ ಹೊನ್ನಾವರ ಅಂತ ಗೊತ್ತು ಮಾಡಿದೆವು. ಹರಿಹರ, ಮಲೆಬೆನ್ನೂರು, ಹೊನ್ನಾಳಿ, ಶಿಕಾರಿಪುರ, ಆನಂದಪುರ, ಸಾಗರ ದಾಟಿ ಗೇರುಸೊಪ್ಪೆ ಘಟ್ಟ ಇಳಿದರೆ ಹೊನ್ನಾವರ. ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಬಸ್ಸು ಬದಲಿಸಿ ಬದಲಿಸಿ ಹೋದರೆ ಒಂದು ದಿನಕ್ಕೆ ಮುಗಿಯುವುದಿಲ್ಲ. ಹಾಗಾಗಿ ಹಿಂದಿನ ಬೀದಿಯ ಇನ್ನೊಂದು ಬ್ಯಾರಿ ಮನೆಯವರನ್ನು ಸೇರಿಸಿಕೊಂಡು ಒಂದು ಗಾಡಿ ಗೊತ್ತು ಮಾಡಿದ್ದೇವೆ. ಬಾಡಿಗೆ ಅರ್ಧ ಅರ್ಧ.

ಕಡಲಿಗೆ ಇಳಿಯುವ ಜಾಗ ಕಾಸರಕೋಡು, ಹೊನ್ನಾವರದ ಸೇತುವೆ ದಾಟಿದ ಕೂಡಲೇ ಸಿಗುತ್ತದೆ. 2020ರಲ್ಲಿ ಪಡುಬಿದ್ರೆಯ ಜೊತೆ ಬ್ಲೂ ಫ್ಲ್ಯಾಗ್ ಸಿಕ್ಕಿದ ಕಡಲತೀರ ಅದು. ಈ ಹೆಸರು ಕೇಳಿ ನಮ್ಮ ಉಮ್ಮ ಎರಡು ದಿನ ಬಹಳ ಖುಷಿಯಲ್ಲಿದ್ದರು. ಕಾಸರಗೋಡು ಅಂದುಕೊಂಡು ಅಲ್ಲಿರುವ ತಂಗಿಗೆ ಫೋನು ಮಾಡಿ ಹೇಳಿಯೂ ಆಗಿತ್ತು. ವಿಷಯ ತಿಳಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಡಲು ಅದೇ ಅಲ್ವಾ?” ಅಂದರು. ಅದೇ ಅಂದೆವು.

ದಿನ ಗೊತ್ತುಮಾಡುವುದು ಸುಲಭವಾಗಲಿಲ್ಲ. ಮದ್ರಸಕ್ಕೆ ರಜೆ ಶುಕ್ರವಾರ. ಆದರೆ ಜುಮುಅ ಕಡ್ಡಾಯವಿರುವವರು ಆ ದಿನ ಸುಬಹಿ ಆದ ಮೇಲೆ, ದಾರಿಯಲ್ಲಿ ಜುಮುಅ ಸಿಗುವ ಖಾತ್ರಿಯಿಲ್ಲದೆ ಪ್ರಯಾಣ ಹೊರಡಬಾರದು ಎಂಬುದು ನಮ್ಮ ಶಾಫಿಈ ಮದ್ಹಬಿನ ಮಸ್ಅಲ. ಮಕ್ಕಳಿಗೆ ಕಲಿಸುವ ಪಾಠವನ್ನು ಉಸ್ತಾದರೇ ಮುರಿದರೆ ಹೇಗೆ? ಗಾಡಿ ಎಲ್ಲಿ ಕೆಟ್ಟು ನಿಲ್ಲುತ್ತದೋ ಬಲ್ಲವರಾರು. ಕಮಿಟಿಯವರಲ್ಲಿ ಒಂದು ಆದಿತ್ಯವಾರ ರಜೆ ಕೇಳಿದೆವು, ಕೊಟ್ಟರು. ಅದೂ ಮೇ ತಿಂಗಳ ಒಳಗೇ ಆಗಬೇಕಿತ್ತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ದೋಣಿಗಳನ್ನೆಲ್ಲ ಕಟ್ಟಿಹಾಕಿದ ಮಳೆಗಾಲದ ಕಡಲನ್ನು ಮಕ್ಕಳಿಗೆ ತೋರಿಸಿ ಏನು ಮಾಡುವುದು? ಮೇ ಕೊನೆಯಲ್ಲೂ ತೆರೆ ಜೋರಿರುತ್ತದೆ. ಪಾದ ಮುಳುಗುವಷ್ಟು ನೀರು ಸಾಕು ಅಂತ ಸಣ್ಣವರಿಬ್ಬರಿಗೂ ಈಗಲೇ ಹೇಳಿಟ್ಟಿದ್ದೇವೆ.

ಸುಬಹಿ ನಮಾಝ್ ಮುಗಿಸಿ ಹೊರಡುವುದು, ಸಾಗರದಲ್ಲಿ ನಾಷ್ಟಾ. ಜೋಗದಲ್ಲಿ ಕಾಲು ಗಂಟೆಗಿಂತ ಹೆಚ್ಚು ಬೇಡ, ಮೇ ತಿಂಗಳಲ್ಲಿ ಅಲ್ಲಿ ಬಂಡೆಯೇ ಹೆಚ್ಚು ಕಾಣುವುದು. ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆಯನ್ನೂ ಗಾಡಿಯ ಕಿಟಕಿಯಿಂದಲೇ ನೋಡುವುದು. ಘಟ್ಟದ ತಿರುವಿನಲ್ಲಿ ಉಮ್ಮನಿಗೆ ವಾಂತಿಯಾಗುತ್ತದೆ, ಅದಕ್ಕೆ ಲಿಂಬೆಹಣ್ಣು ಮತ್ತು ಎದುರಿನ ಸೀಟು. ಬುತ್ತಿಗೆ ಮನೆಯವಳು ಪತ್ತಿರ್ ಮಾಡುತ್ತಾಳೆ. ಮಕ್ಕಳು ಮಂಡಕ್ಕಿ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ, ದಾವಣಗೆರೆಯವರಲ್ಲವೇ!

ನಮಾಝಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬಹಳ ಮಂದಿ ಕೇಳುತ್ತಾರೆ. ಸುಮಾರು 130 ಕಿಲೋಮೀಟರಿಗಿಂತ ದೂರದ ಪ್ರಯಾಣವಾದ್ದರಿಂದ ಊರಿನ ಗಡಿ ದಾಟಿದ ಮೇಲೆ ಖಸ್ರ್ ಮಾಡಬಹುದು. ಲುಹರ್, ಅಸರ್, ಇಶಾ ಎರಡೆರಡು ರಕ್ಅತ್. ಮಗ್ರಿಬಿಗೆ ಖಸ್ರ್ ಇಲ್ಲ. ಹೊನ್ನಾವರದಲ್ಲಿ ಲುಹರಿನ ಜೊತೆಗೇ ಅಸರನ್ನೂ ಮುಂದಕ್ಕೆ ತಂದು ಜಂಅ್ ಮಾಡುವ ಯೋಚನೆ. ಲುಹರ್ ಮೊದಲು, ಅದು ಮುಗಿಯುವುದರೊಳಗೆ ಜಂಅ್‌ನ ನಿಯ್ಯತ್ತು, ನಡುವೆ ಹೆಚ್ಚು ಹೊತ್ತು ಬಿಡಬಾರದು. ಪೂರ್ತಿ ನಾಲ್ಕು ರಕ್ಅತ್ ಮಾಡುವ ಇಮಾಮರ ಹಿಂದೆ ನಿಂತರೆ ನಾವೂ ನಾಲ್ಕೇ ಮಾಡಬೇಕು. ವಾಪಸ್ ಬರುವಾಗ ಘಟ್ಟದಲ್ಲೇ ಮಗ್ರಿಬ್ ಆಗುತ್ತದೆ. ಅದರ ಹೊತ್ತು ಮುಗಿಯುವ ಮುಂಚೆಯೇ ನಿಯ್ಯತ್ತಿಟ್ಟುಕೊಂಡು, ಸಾಗರಕ್ಕೆ ಬಂದು ಇಶಾ ಜೊತೆ ಮಾಡುವುದು. ವಿನೋಬನಗರದ ನಮ್ಮ ನೆರೆಯವರು ಹನಫಿಗಳು. ಅವರಲ್ಲಿ ಪ್ರಯಾಣದಲ್ಲಿ ಹೀಗೆ ಸೇರಿಸುವ ಕ್ರಮ ಇಲ್ಲ, ಖಸ್ರ್ ಮಾತ್ರ ಬಿಡುವಂತಿಲ್ಲ. ಯಾರನ್ನೂ ಯಾರೂ ತಪ್ಪು ಹೇಳುವುದು ಬೇಡ. ಹೆಂಗಸರಿಗೆ ನಮಾಝಿಗೆ ಜಾಗ ಎಲ್ಲಿ ಎಂಬುದನ್ನು ಮಾತ್ರ ಹೊರಡುವ ಮೊದಲೇ ವಿಚಾರಿಸಿಡಬೇಕು. ಗಂಡಸರು ಇದನ್ನು ಮರೆಯುತ್ತೇವೆ. ನಮಗೆ ಅಲ್ಲಿನ ಪರಿಚಯದವರೊಬ್ಬರು ತಮ್ಮ ಮನೆಯನ್ನೇ ಕೊಟ್ಟಿದ್ದಾರೆ.

ಇನ್ನು ಹೊನ್ನಾವರದಲ್ಲಿ ನೋಡುವುದು ಏನು? ಮಧ್ಯಾಹ್ನದ ಬಿಸಿಲಿಗೆ ಶರಾವತಿ ದಂಡೆಯ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ನಡಿಗೆದಾರಿ ಇದೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಹೆಚ್ಚಿನದು, ಅದೇ ನದಿಯ ಮೇಲಿದೆ. ಆದರೆ ನಾವು ಹೊನ್ನಾವರವನ್ನೇ ಆರಿಸಿಕೊಳ್ಳಲು ಬೇರೆಯೇ ಕಾರಣವಿತ್ತು. ಅದನ್ನು ಎತ್ತಿದವಳು ದೊಡ್ಡವಳು.

ಈ ವರ್ಷ ಅವಳ ಪಿಯುಸಿ ಮುಗಿಯಿತು. ಡಿಗ್ರಿಗೆ ಹೋಗಬೇಕು ಅಂತಾಳೆ. ಉಮ್ಮ ಬೇಡ ಅನ್ನುತ್ತಾರೆ, ಊರ ಕಡೆಯಿಂದ ಒಂದು ಸಂಬಂಧವೂ ಬಂದಿದೆ. ನಾವು ಒಂದು ತಿಂಗಳಿಂದ ಅತ್ತಲೂ ಇಲ್ಲ ಇತ್ತಲೂ ಇಲ್ಲ. ನಾವೂ ಪಿಯುಸಿಯವರೇ. “ಇಷ್ಟು ಸಾಕಾಯ್ತಲ್ಲ ನಮಗೆ” ಅಂತ ಒಂದು ದಿನ ಬಾಯಿ ತಪ್ಪಿ ಹೇಳಿಬಿಟ್ಟೆವು. ಅವಳು ಜಗಳ ಮಾಡಲಿಲ್ಲ. ಎರಡು ದಿನ ಬಿಟ್ಟು ಬಂದು, “ಉಪ್ಪ, ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳ ಶಾಲೆ ಎಷ್ಟು ನೋಡಿದ್ರಂತೆ ಗೊತ್ತಾ?” ಅಂತ ಕೇಳಿದಳು.

ಗೊತ್ತಿರಲಿಲ್ಲ. ದರ್ಸಿನಲ್ಲಿ ಕಲಿಯುವಾಗ ಆ ಪ್ರವಾಸಿಯ ಹೆಸರು ಕೇಳಿದ್ದೆವು ಅಷ್ಟೆ. ಸ್ನೇಹಿತರೊಬ್ಬರಿಂದ ಅರಬಿ ‘ರಿಹ್ಲ’ ತರಿಸಿ ಹೊನ್ನಾವರದ ಭಾಗವನ್ನು ನಾವೇ ಓದಿದೆವು. 1304ರಲ್ಲಿ ಮೊರೊಕ್ಕೊದ ತಾಂಜಿಯರಿನಲ್ಲಿ ಹುಟ್ಟಿದ ಇಬ್ನ್ ಬತೂತ ದೆಹಲಿಯಿಂದ ಹೊರಟು ಹೊನ್ನಾವರಕ್ಕೆ ಬಂದದ್ದು 1342ರ ಸುಮಾರಿಗೆ. ಊರಿನ ಹೆಸರನ್ನು ‘ಹಿನವ್ರ್’ ಎಂದು ಬರೆದಿದ್ದಾರೆ. ಅಲ್ಲಿನವರು ಶಾಫಿಈ ಮದ್ಹಬಿನವರು, ಹಡಗಿನವರು, ದೀನಿನವರು. ಸುಲ್ತಾನ ಜಮಾಲುದ್ದೀನ್ ಮುಹಮ್ಮದ್. ಅವರ ಮೇಲಿನ ದೊಡ್ಡ ಅರಸನನ್ನು ‘ಹರ್ಯಬ್’ ಎಂದು ಕರೆದಿದ್ದಾರೆ, ವಿಜಯನಗರದ ಮೊದಲನೇ ಹರಿಹರನೇ ಅವನು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಸುಲ್ತಾನರ ಊಟದ ವರ್ಣನೆ ಓದಿದರೆ ನಮ್ಮ ಮನೆ ಊಟವೇ. ತಾಮ್ರದ ತಟ್ಟೆಯಲ್ಲಿ ಅನ್ನ, ಮೇಲೆ ತುಪ್ಪ, ಬದಿಗೆ ಹಸಿ ಮೆಣಸಿನ ಗೊಂಚಲು, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ಮತ್ತೆ ಕೋಳಿ, ಮೀನು, ಕೊನೆಗೆ ಮೊಸರು. ಮುಂದೊಮ್ಮೆ ಬಂದು 11 ತಿಂಗಳು ಉಳಿದಾಗ ಪಾಪ ರೊಟ್ಟಿಯೇ ಸಿಗಲಿಲ್ಲವಂತೆ. ದಾವಣಗೆರೆಯ ಜೋಳದ ರೊಟ್ಟಿ ಇನ್ನೂ ಇಷ್ಟವಾಗದ ನಮ್ಮ ಉಮ್ಮನಿಗೆ ಇದನ್ನು ಓದಿ ಹೇಳಿದಾಗ ನಗು ತಡೆಯಲಾಗಲಿಲ್ಲ.

ಶಾಲೆಯ ಮಾತೂ ಅಲ್ಲೇ ಇದೆ. ಗಂಡುಮಕ್ಕಳಿಗೆ 23 ಶಾಲೆ, ಹೆಣ್ಣುಮಕ್ಕಳಿಗೆ 13. ಹೀಗೆ ಬೇರೆಲ್ಲೂ ಕಂಡಿಲ್ಲ ಎಂದು ಆಶ್ಚರ್ಯಪಟ್ಟಿದ್ದಾರೆ. ಮೆಕ್ಕ, ಡಮಾಸ್ಕಸ್, ದೆಹಲಿ ಎಲ್ಲ ನೋಡಿ ಬಂದವರು! ಊರಿನ ಹೆಂಗಸರೆಲ್ಲ ಖುರ್‌ಆನ್ ಬಾಯಿಪಾಠ ಮಾಡಿದವರು ಎಂದೂ ಬರೆದಿದ್ದಾರೆ. ಅವು ಖುರ್‌ಆನ್ ಕಲಿಸುವ ಶಾಲೆಗಳು, ಇಂದಿನ ಬಿ.ಕಾಂ. ಅಲ್ಲ. ಇದನ್ನು ಮಗಳಿಗೂ ಹೇಳಿದೆವು. ಅವಳು, “ಆಗ ಕಲಿಯೋದಕ್ಕೆ ಇದ್ದದ್ದೇ ಅದು ಉಪ್ಪ, ಅದನ್ನ ಇಬ್ಬರಿಗೂ ಕೊಟ್ಟಿದ್ರು” ಅಂದಳು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೂ ಹೊಳೆಯಲಿಲ್ಲ.

ಆ ಹದಿಮೂರರಲ್ಲಿ ಒಂದರ ಗುರುತನ್ನೂ ಅವಳಿಗೆ ತೋರಿಸಲು ನಮ್ಮಿಂದ ಆಗದು. ಪೋರ್ಚುಗೀಸರ ದಾಳಿ, ಅರಸರ ಕಾಳಗ, ನದಿಯ ಹೂಳು, ಆರೂಮುಕ್ಕಾಲು ಶತಮಾನದ ಮಳೆ. ಶರಾವತಿ ಕಡಲು ಸೇರುವ ಜಾಗ ತೋರಿಸಿ ಇಲ್ಲೇ ಎಲ್ಲೋ ಹಡಗು ನಿಲ್ಲುತ್ತಿತ್ತು ಅನ್ನಬಹುದು ಅಷ್ಟೆ. ಅವಳಿಗೆ ಅದು ಸಾಕಂತೆ.

ಗಾಡಿಯವನಿಗೆ ಮುಂಗಡ ಕೊಟ್ಟಾಯಿತು. ಉಮ್ಮ ತಮ್ಮ ಬಿಳಿ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದಾರೆ, ಕಡಲ ನೀರು ತುಂಬಿಸಲು ಒಂದು ಖಾಲಿ ಬಾಟಲಿಯನ್ನೂ. ಕಾಲೇಜಿನ ಅರ್ಜಿಗೆ ಮೊನ್ನೆ ಇಶಾ ಆದ ಮೇಲೆ ನಾವು ಸಹಿ ಹಾಕಿದೆವು. ಉಮ್ಮನಿಗೆ ಇನ್ನೂ ಹೇಳಿಲ್ಲ. ಕಾಸರಕೋಡಿನ ಮರಳಿನಲ್ಲಿ ಅವರನ್ನು ಕೂರಿಸಿ, ಕಾಲಿಗೆ ತೆರೆ ತಾಗಿದ ಮೇಲೆ ಹೇಳಬೇಕೆಂದಿದ್ದೇವೆ.