ಕರಗಿಯೂ ಕರಗದ ಚಾಕೊಲೇಟ್

ಓವನ್ನಿನ ಗಾಜಿನೊಳಗೆ ಒಮ್ಮೆ ಇಣುಕಿ ನೋಡಿ. ಒಳಗೆ 190 ಡಿಗ್ರಿ ಸೆಲ್ಸಿಯಸ್ ಬೇಗೆ! ಟ್ರೇ ತುಂಬ ಹರಡಿದ ಹಿಟ್ಟು, ಅದರ ಮೈಮೇಲೆಲ್ಲ ಚಾಕೊಲೇಟ್ ಚಿಪ್‌ಗಳು. ಚಾಕೊಲೇಟಿನ ಜೀವವೇ ಆದ ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ. ನಮ್ಮ ಬಾಯಿಯ ಬಿಸಿಗೇ ನೀರಾಗುವ ಪದಾರ್ಥ! ಅಂಥದ್ದು ಇಷ್ಟು ಉರಿಯಲ್ಲಿ ಹರಿದು ಹೋಗಬೇಕಿತ್ತಲ್ಲವೇ? ಇಲ್ಲ. ಟ್ರೇ ಹೊರಗೆ ಬಂದಾಗಲೂ ಒಂದೊಂದು ಚಿಪ್ಪೂ ತನ್ನ ಆಕಾರ ಬಿಡದೆ ಕೂತಿರುತ್ತದೆ. ಬೆರಳ ತುದಿಯಿಂದ ಹಗುರಾಗಿ ಮುಟ್ಟಿ ನೋಡಿ, ಅಷ್ಟಕ್ಕೇ ಕುಸಿದು ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ!

ಅಂದರೆ ಅದು ಆಗಲೇ ಕರಗಿತ್ತು. ಕರಗಿಯೂ ನಿಂತಿತ್ತು! ಕೋಕೋ ಬೆಣ್ಣೆ ದ್ರವವಾದರೂ ಅದರೊಳಗೆ ಒತ್ತೊತ್ತಾಗಿ ತುಂಬಿರುವ ಸಕ್ಕರೆ ಮತ್ತು ಕೋಕೋ ಕಣಗಳು ಒಂದಕ್ಕೊಂದು ಆತುಕೊಂಡು ಆಕಾರವನ್ನು ಹಿಡಿದಿಟ್ಟಿರುತ್ತವೆ. ಯಾರೂ ಕಲಕದಿದ್ದರೆ, ಒತ್ತದಿದ್ದರೆ ಅವು ಜಾರುವುದಿಲ್ಲ.

ಈ ಅದ್ಭುತವನ್ನು ಜಗತ್ತಿಗೆ ತಿನ್ನಿಸಿದವರು ರೂತ್ ವೇಕ್‌ಫೀಲ್ಡ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಟ್‌ಮನ್ ಎಂಬ ಊರಿನಲ್ಲಿ ಅವರೂ ಪತಿ ಕೆನೆತ್ ಅವರೂ 1930ರಲ್ಲಿ ಟೋಲ್ ಹೌಸ್ ಇನ್ ಎಂಬ ಊಟದ ಮನೆ ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಹೊಸ ಕುಕ್ಕಿಯೊಂದು ಹುಟ್ಟಿತು. ನೆಸ್ಲೆಯ ಅರೆಸಿಹಿ ಚಾಕೊಲೇಟನ್ನು ಚೂರುಚೂರು ಮಾಡಿ ಹಿಟ್ಟಿಗೆ ಬೆರೆಸಿದ್ದರು! ಚಾಕೊಲೇಟ್ ಕರಗಿ ಬೆರೆತುಹೋಗುತ್ತದೆಂದು ನಂಬಿ ಹಾಕಿದ್ದರು, ಅದು ಹಾಗೆಯೇ ಉಳಿದುಬಿಟ್ಟಿತು, ಎಲ್ಲ ಆಕಸ್ಮಿಕ ಎಂಬ ಕಥೆ ಇವತ್ತಿಗೂ ಓಡಾಡುತ್ತಿದೆ. ನನಗೆ ಆ ಕಥೆ ಒಪ್ಪಿಗೆಯಿಲ್ಲ. ರೂತ್ 1924ರಲ್ಲೇ ಗೃಹವಿಜ್ಞಾನದಲ್ಲಿ ಪದವಿ ಮುಗಿಸಿದ್ದವರು, ಅಡುಗೆ ಪುಸ್ತಕ ಬರೆದವರು. ಗಿರಾಕಿಗಳಿಗೆ ಬೇರೆಯದೇನಾದರೂ ಕೊಡಬೇಕೆಂದು ಬೇಕೆಂದೇ ಮಾಡಿದ್ದು ಎಂದು ಅವರೇ ಹೇಳಿದ್ದಾರೆ. ಬುದ್ಧಿವಂತೆಯೊಬ್ಬರು ಯೋಚಿಸಿ ಕಂಡುಕೊಂಡರು ಎನ್ನುವುದು ಆಕಸ್ಮಿಕಕ್ಕಿಂತ ಎಷ್ಟು ದೊಡ್ಡ ಸೋಜಿಗ! ಮುಂದೆ ನೆಸ್ಲೆ ಸಿದ್ಧ ಚಿಪ್‌ಗಳನ್ನೇ ಮಾರತೊಡಗಿತು, ಪೊಟ್ಟಣದ ಮೇಲೆ ಅವರ ಪಾಕವಿಧಾನ ಅಚ್ಚಾಯಿತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಮನೆಗಳಿಂದ ಹೋದ ಪಾರ್ಸೆಲ್‌ಗಳಲ್ಲಿ ಇದೇ ಕುಕ್ಕಿ. 1997ರಲ್ಲಿ ಅದು ಮ್ಯಾಸಚೂಸೆಟ್ಸ್‌ನ ಅಧಿಕೃತ ರಾಜ್ಯ ಕುಕ್ಕಿಯೂ ಆಯಿತು!

ಕ್ರಿಸ್‌ಮಸ್ ಹೊತ್ತಿಗೆ ಮನೆ ತುಂಬ ನೆಂಟರು. ಒಂದೊಂದೇ ಉಂಡೆ ಮಾಡಿ ಜೋಡಿಸುತ್ತ ಕೂರಲು ಯಾರಿಗೆ ಪುರುಸೊತ್ತು? ಅದೇ ಹಿಟ್ಟನ್ನು 15 ಇಂಚು ಉದ್ದ, 10 ಇಂಚು ಅಗಲದ ಟ್ರೇಗೆ ಪೂರ್ತಿ ಹರಡಿಬಿಟ್ಟರೆ ಕುಕ್ಕಿ ಬಾರ್. ಎರಡೂಕಾಲು ಕಪ್ ಮೈದಾ, ಒಂದು ಕಪ್ ಮೆತ್ತಗಿನ ಬೆಣ್ಣೆ, ಮುಕ್ಕಾಲು ಕಪ್ ಬಿಳಿ ಸಕ್ಕರೆ, ಮುಕ್ಕಾಲು ಕಪ್ ಕಂದು ಸಕ್ಕರೆ, ಎರಡು ಮೊಟ್ಟೆ, ಒಂದೊಂದು ಚಮಚೆ ಅಡುಗೆ ಸೋಡಾ, ಉಪ್ಪು, ವೆನಿಲಾ, ಎರಡು ಕಪ್ ಚಿಪ್ಸ್. ಹಬ್ಬದ ಕಳೆಗೆ ಒಂದು ಹಿಡಿ ಒಣಗಿಸಿದ ಕ್ರ್ಯಾನ್‌ಬೆರಿ ಸೇರಿಸಿ. ವಿಟ್‌ಮನ್ ಇರುವ ಪ್ಲಿಮತ್ ಕೌಂಟಿ ಈ ಕೆಂಪು ಹಣ್ಣಿನ ಸೀಮೆ. ಶರತ್ಕಾಲದಲ್ಲಿ ತೋಟಕ್ಕೆ ನೀರು ನಿಲ್ಲಿಸಿ ಬಳ್ಳಿ ಅಲುಗಿಸಿದರೆ, ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡ ಹಣ್ಣುಗಳೆಲ್ಲ ತೇಲಿ ಬರುತ್ತವೆ. ಇಡೀ ಗದ್ದೆ ಕೆಂಪೋ ಕೆಂಪು!

ಇಪ್ಪತ್ತು, ಇಪ್ಪತ್ತೈದು ನಿಮಿಷದ ಬೇಯುವಿಕೆ, ಅಷ್ಟರೊಳಗೆ ಏನೆಲ್ಲ ನಡೆದುಹೋಗುತ್ತದೆ! ಮೊದಲು ಬೆಣ್ಣೆ ಕರಗಿ ಹಿಟ್ಟು ಸಡಿಲವಾಗುತ್ತದೆ. ಕಂದು ಸಕ್ಕರೆಯಲ್ಲಿರುವ ಕಾಕಂಬಿಯ ಹುಳಿ ಸೋಡಾಗೆ ತಾಗಿ ಗಾಳಿಗುಳ್ಳೆ ಏಳುತ್ತವೆ, ಹಿಟ್ಟು ಉಬ್ಬುತ್ತದೆ. ಮೊಟ್ಟೆ ಗಟ್ಟಿಯಾಗಿ ಆ ಉಬ್ಬನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಬಣ್ಣ! ಸಕ್ಕರೆಯೂ ಪ್ರೋಟೀನೂ ಬಿಸಿಯಲ್ಲಿ ಕೂಡಿ ಹುಟ್ಟಿಸುವ ಬಣ್ಣ, ಘಮಲು ಅದು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ ಹೆಸರೇ ಈ ಕ್ರಿಯೆಗೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಇದರಿಂದಲೇ.

ಬಾರ್‌ನಲ್ಲಿ ನನಗೆ ತುಂಬ ಇಷ್ಟವಾಗುವುದು ಇನ್ನೊಂದು. ನಡುಭಾಗದಲ್ಲಿ ನೀರಿನಂಶ ಇರುವವರೆಗೆ ಬಿಸಿ 100 ಡಿಗ್ರಿಯ ಆಚೀಚೆಯೇ ನಿಲ್ಲುತ್ತದೆ. ಅದಕ್ಕೇ ಅಲ್ಲಿ ಮೆತ್ತಗೆ. ಬಿಸಿ ಲೋಹಕ್ಕೆ ತಾಗಿದ ಅಂಚು ಬೇಗ ಒಣಗಿ, ಕಂದಿ, ಗರಿಗರಿಯಾಗುತ್ತದೆ. ಒಂದೇ ಟ್ರೇ, ಒಂದೇ ಹಿಟ್ಟು, ಎರಡು ತಿಂಡಿ! ನಡುಭಾಗ ಇನ್ನೂ ಕೊಂಚ ಹಸಿಯಂತೆ ಕಾಣುವಾಗಲೇ ಹೊರತೆಗೆಯಿರಿ, ಟ್ರೇಯ ಕಾವಿನಲ್ಲೇ ಉಳಿದದ್ದು ಬೇಯುತ್ತದೆ. ಪೂರ್ತಿ ಆರಿದ ಮೇಲೆ ಕತ್ತರಿಸಿ ಡಬ್ಬಿಗೆ ತುಂಬಿದರೆ ದೂರದೂರಿಗೂ ಕಳಿಸಬಹುದು. ಎರಡು ಬದಿ ಗರಿಗರಿ, ಒಳಗೆ ಮೆತ್ತಗೆ ಇರುವ ಮೂಲೆಯ ತುಂಡುಗಳು ಮಾತ್ರ ನಾಲ್ಕೇ. ಮಕ್ಕಳು ಅವಕ್ಕೇ ಮೊದಲು ಕೈಹಾಕುತ್ತಾರೆ, ಹಾಕಲಿ!