ಗಡ್ಡೆಯೆಲ್ಲ ಕ್ಯಾನ್ಸರಲ್ಲ

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ಈ ಸುವರ್ಣ ಮಹೋತ್ಸವದ ಸಂಚಿಕೆಗೆ ನಾನು ಶಾಲೆಯ ನೆನಪುಗಳನ್ನು ಬರೆಯಬೇಕಿತ್ತು. ಆದರೆ ನಿಮ್ಮ ಮನೆಮಂದಿಗೂ ಉಪಯೋಗವಾಗಲೆಂದು, ರೋಗಿಯಾಗಿ ನಾನು ಕಲಿತ ಪಾಠವೊಂದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಹೊಟ್ಟೆನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ನನ್ನ ಬಲ ಮೂತ್ರಪಿಂಡದ ಮೇಲೆ ಗಡ್ಡೆಯೊಂದು ಕಂಡಿತು. ಕ್ಯಾನ್ಸರೇ ಇರಬೇಕೆಂದು ಹೆದರಿದೆ. ಮನೆಯವರಿಗೂ ತಿಳಿಸದೆ, ಶ್ರಾವಣದಲ್ಲಿ ಉರುಕುಂದದ ಈರಣ್ಣಸ್ವಾಮಿಗೆ ಕೈಮುಗಿದು, ಎರಡು ತಿಂಗಳು ಸುಮ್ಮನಿದ್ದೆ. ಸುಮ್ಮನಿದ್ದುದು ನನ್ನ ತಪ್ಪು.

ಪ್ರತಿ ಮೂತ್ರಪಿಂಡದ ಮೇಲೂ ಟೋಪಿಯಂತೆ ಕುಳಿತ ಗ್ರಂಥಿಯೇ ಅಡ್ರಿನಲ್. ತೂಕ ಸುಮಾರು 4–5 ಗ್ರಾಂ. ಅಲ್ಲಿಯ ನರಕೋಶಗಳಿಂದ ನಿಧಾನವಾಗಿ ಬೆಳೆಯುವ, ಕ್ಯಾನ್ಸರಲ್ಲದ ಅಪರೂಪದ ಗಡ್ಡೆಗೆ ಗ್ಯಾಂಗ್ಲಿಯೊನ್ಯೂರೋಮ ಎಂದು ಹೆಸರು. ಕೊಬ್ಬು ಮತ್ತು ಅಸ್ಥಿಮಜ್ಜೆಯಂಥ ಅಂಶಗಳಿಂದಾದದ್ದು ಮೈಲೊಲಿಪೋಮ. ಇವು ಬಹುಮಟ್ಟಿಗೆ ಯಾವ ತೊಂದರೆಯನ್ನೂ ಕೊಡದೆ, ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಕಣ್ಣಿಗೆ ಬೀಳುತ್ತವೆ.

ಫಿಯೋಕ್ರೋಮೋಸೈಟೋಮ ಎಂಬ ಗಡ್ಡೆ ಹಾಗಲ್ಲ. ಅದು ಸಾಮಾನ್ಯವಾಗಿ ಬೇರೆಡೆಗೆ ಹರಡದಿದ್ದರೂ ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಮಿತಿಮೀರಿ ಸುರಿಸಿ ರಕ್ತದೊತ್ತಡವನ್ನು ಏರಿಸುತ್ತದೆ. ತಲೆನೋವು, ಬೆವರು, ಎದೆಬಡಿತ ಬಿಟ್ಟು ಬಿಟ್ಟು ಬರುತ್ತವೆ. ಔಷಧಗಳಿಂದ ಸಿದ್ಧತೆ ಮಾಡಿಕೊಳ್ಳದೆ ಇದಕ್ಕೆ ಸೂಜಿ ಚುಚ್ಚಿದರೂ, ಶಸ್ತ್ರಕ್ರಿಯೆ ಮಾಡಿದರೂ ಪ್ರಾಣಾಪಾಯವುಂಟು. ಆದುದರಿಂದ ಅವೆರಡಕ್ಕೂ ಮೊದಲು ರಕ್ತದಲ್ಲಿ ಅಥವಾ 24 ಗಂಟೆಗಳ ಮೂತ್ರದಲ್ಲಿ ಮೆಟಾನೆಫ್ರಿನ್ ಪರೀಕ್ಷೆ ಆಗಲೇಬೇಕು.

ನನ್ನ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಸ್ಕ್ಯಾನಿನಿಂದ ಸ್ವಭಾವ ಖಚಿತವಾಗದ್ದರಿಂದ ಗಡ್ಡೆಯನ್ನು ತೆಗೆದರು. ಸೂಕ್ಷ್ಮದರ್ಶಕದಲ್ಲಿ ಅದು ಗ್ಯಾಂಗ್ಲಿಯೊನ್ಯೂರೋಮವೆಂದು ತಿಳಿಯಿತು. ಈಗ ಕ್ಷೇಮವಾಗಿದ್ದೇನೆ.

ತಿಳಿಯದ್ದನ್ನು ಕೇಳಲು ನಾಚಬೇಡಿರೆಂದು ತರಗತಿಯಲ್ಲಿ ನಿಮಗೆ ಹೇಳುತ್ತಿದ್ದವನು ನಾನೇ. ನಾನು ಮರೆತ ಆ ಮಾತನ್ನು ವೈದ್ಯರ ಮುಂದೆ ನೀವು ಮರೆಯದಿರಿ.